ಎರಡು ಸೆಕೆಂಡಿನ ಅಂತರ

ಹೊಸ ಸರ್ವರ್ ಬಂದಾಗ ಅದರ ಡಿಸ್ಕ್ ಖಾಲಿ. ರ್‍ಯಾಕಿಗೆ ಏರಿಸಿ, ಕೇಬಲ್ ಸಿಕ್ಕಿಸಿ, ಪವರ್ ಕೊಟ್ಟ ಮೇಲೆ ಮಿಕ್ಕಿದ್ದೆಲ್ಲವನ್ನೂ ಅದು ನೆಟ್‌ವರ್ಕಿನಲ್ಲೇ ಕೇಳಿ ಪಡೆಯಬೇಕು: ಒಂದು ವಿಳಾಸ, ಒಂದು ಬೂಟ್ ಫೈಲು, ಆಮೇಲೆ ಇಡೀ ಆಪರೇಟಿಂಗ್ ಸಿಸ್ಟಂ. ಪಿಎಕ್ಸ್‌ಇ ಎನ್ನುವ ಈ ಪದ್ಧತಿಯ 2.1ನೇ ಆವೃತ್ತಿಯನ್ನು ಇಂಟೆಲ್ 1999ರಲ್ಲಿ ಹೊರತಂದಿತು. ಇಂದು ಮಾಸ್, ಫೋರ್‌ಮನ್, ಐರಾನಿಕ್ ಟೂಲುಗಳಲ್ಲಿ ಯಾವುದನ್ನು ಬಳಸಿದರೂ ತಳದಲ್ಲಿ ಸಾಮಾನ್ಯವಾಗಿ ನಡೆಯುವುದು ಅದೇ ಮಾತುಕತೆ. ಕೆಲಸ ಕೆಟ್ಟಾಗ ಹೆಚ್ಚಿನವರು ಮೇಲಿನ ಟೂಲಿನ ಲಾಗ್ ಕೆದಕುತ್ತಾರೆ. ಮೊದಲು ತಂತಿಯ ಮೇಲೆ ಏನು ಹೋಗುತ್ತಿದೆ ನೋಡಿ ಎನ್ನುವುದೇ ನನ್ನ ಒತ್ತಾಯ.

ಸರ್ವರ್ 'ಡಿಸ್ಕವರ್' ಎಂದು ಕೂಗುತ್ತದೆ, ಡಿಎಚ್‌ಸಿಪಿ 'ಆಫರ್' ಕೊಡುತ್ತದೆ, ಸರ್ವರ್ 'ರಿಕ್ವೆಸ್ಟ್' ಕಳಿಸುತ್ತದೆ, ಒಪ್ಪಿಗೆ ಬರುತ್ತದೆ. ಆಮೇಲೆ ಟಿಎಫ್‌ಟಿಪಿಯಲ್ಲಿ ಫೈಲು. ಡಿಎಚ್‌ಸಿಪಿ ಯಂತ್ರದಲ್ಲಿ ಟಿಸಿಪಿಡಂಪ್ ಹಚ್ಚಿ 67, 68, 69ನೇ ಪೋರ್ಟುಗಳ ಮೇಲೆ ಕಣ್ಣಿಟ್ಟರೆ ಮಾತು ಎಲ್ಲಿ ನಿಂತಿತು ಎನ್ನುವುದು ಕಾಣುತ್ತದೆ. ಪರದೆಯ ಮೇಲಿನ ಸಂಖ್ಯೆಗಳೂ ಸುಮ್ಮನೆ ಬರುವುದಿಲ್ಲ. ಇ51 ಎಂದರೆ ಆಫರ್ ಬರಲೇ ಇಲ್ಲ. ಇ53 ಎಂದರೆ ಆಫರ್ ಬಂತು, ಅದರಲ್ಲಿ ಫೈಲಿನ ಹೆಸರಿಲ್ಲ. ಇ32 ಎಂದರೆ ಹೆಸರು ಸಿಕ್ಕಿತು, ಟಿಎಫ್‌ಟಿಪಿ ಉತ್ತರಿಸಲಿಲ್ಲ. ಮೂರಕ್ಕೂ ರೀಬೂಟ್ ಒಂದೇ ಮದ್ದು ಎಂದುಕೊಂಡರೆ ಮಧ್ಯಾಹ್ನವೆಲ್ಲ ಅಲ್ಲೇ ಕಳೆದುಹೋಗುತ್ತದೆ.

ಇ51 ಬಂದು, ಡಿಎಚ್‌ಸಿಪಿ ಕಡೆ ಒಂದೇ ಒಂದು ಡಿಸ್ಕವರ್ ಕೂಡ ಕಾಣದಿದ್ದರೆ ನಾನು ಮೊದಲು ಸ್ವಿಚ್ಚಿನ ಸ್ಪ್ಯಾನಿಂಗ್ ಟ್ರೀ ನೋಡುತ್ತೇನೆ. ನೆಟ್‌ವರ್ಕಿನಲ್ಲಿ ಲೂಪ್ ಆಗದಂತೆ ತಡೆಯಲು ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಈ ಅಲ್ಗಾರಿದಮ್ ಅಪ್ಪಟ ಚೆಲುವಿನದು, ಅದನ್ನು ದೂರುವುದು ತಪ್ಪು. ಅದರ ಮೂಲ ರೂಪದಲ್ಲಿ ಲಿಂಕ್ ಎದ್ದ ಮೇಲೆ ಪೋರ್ಟು 15 ಸೆಕೆಂಡು ಆಲಿಸುತ್ತದೆ, ಇನ್ನೂ 15 ಸೆಕೆಂಡು ಕಲಿಯುತ್ತದೆ, ಅಲ್ಲಿಯವರೆಗೆ ಯಾವ ಪ್ಯಾಕೆಟ್ಟನ್ನೂ ಬಿಡುವುದಿಲ್ಲ. ಪಿಎಕ್ಸ್‌ಇ ನಿಯಮದ ಪ್ರಕಾರ ಡಿಸ್ಕವರ್ ಕಳಿಸುವುದು ನಾಲ್ಕು ಸಲ. ನಡುವೆ 4, 8, 16 ಸೆಕೆಂಡುಗಳ ಕಾಯುವಿಕೆ. ಲೆಕ್ಕ ಹಾಕಿ ನೋಡಿ: ಸೊನ್ನೆ, 4, 12, 28. ಕೊನೆಯ ಕೂಗು 28ನೇ ಸೆಕೆಂಡಿಗೆ, ಪೋರ್ಟು ತೆರೆಯುವುದು 30ಕ್ಕೆ. ಆಮೇಲೆ ಸರ್ವರ್ 32 ಸೆಕೆಂಡು ಉತ್ತರಕ್ಕೆ ಕಾಯುತ್ತದೆ, ಯಾರಿಗೂ ತಲುಪದ ಪ್ರಶ್ನೆಗೆ!

ಇದೇ ದೋಷ ಇನ್ನೊಂದು ವೇಷದಲ್ಲೂ ಬರುತ್ತದೆ. ಫರ್ಮ್‌ವೇರ್‌ಗೆ ವಿಳಾಸ ಸಿಗುತ್ತದೆ, ಕರ್ನಲ್ ಕೂಡ ಇಳಿಯುತ್ತದೆ, ಆಮೇಲೆ ಇನ್‌ಸ್ಟಾಲರ್ ಮಾತ್ರ ನೆಟ್‌ವರ್ಕ್ ಇಲ್ಲ ಎನ್ನುತ್ತದೆ. ಡ್ರೈವರ್ ಮೇಲೆ, ಇಮೇಜ್ ಮೇಲೆ ಅನುಮಾನ ಹೋಗುವುದು ಸಹಜ. ನಡೆದದ್ದು ಇಷ್ಟೇ: ಕರ್ನಲ್ ನೆಟ್‌ವರ್ಕ್ ಕಾರ್ಡನ್ನು ಹೊಸದಾಗಿ ಸಜ್ಜುಗೊಳಿಸುವಾಗ ಲಿಂಕ್ ಒಮ್ಮೆ ಬಿದ್ದು ಎದ್ದಿತು, ಸ್ವಿಚ್ ಮತ್ತೆ ಸೊನ್ನೆಯಿಂದ ಎಣಿಸತೊಡಗಿತು. ಸರ್ವರ್ ಕಡೆಯ ಪೋರ್ಟುಗಳಿಗೆ ಈ ಕಾಯುವಿಕೆಯನ್ನು ಬಿಟ್ಟುಬಿಡುವ ಪೋರ್ಟ್‌ಫಾಸ್ಟ್ ಹಾಕಿ, ಜೊತೆಗೆ ಲೂಪ್ ಆಗದಂತೆ ಬಿಪಿಡಿಯು ಗಾರ್ಡ್ ಇಟ್ಟರೆ ಎರಡೂ ವೇಷ ಕಳಚುತ್ತವೆ. ಎರಡು ಕೇಬಲ್‌ಗಳನ್ನು ಎಲ್‌ಎಸಿಪಿಯಲ್ಲಿ ಕಟ್ಟಿದ್ದರೆ ಫಾಲ್‌ಬ್ಯಾಕ್ ಆಯ್ಕೆಯೂ ಬೇಕು, ಏಕೆಂದರೆ ಬೂಟ್ ಹಂತದ ಫರ್ಮ್‌ವೇರ್‌ಗೆ ಸಾಮಾನ್ಯವಾಗಿ ಆ ಭಾಷೆ ಬಾರದು.

ಆಫರ್ ಸರಿಯಾಗಿ ಬಂದು, ಫೈಲೂ ಇಳಿದು, ಮುಂದೆ ಏನೂ ಆಗದಿದ್ದರೆ ಸರ್ವರ್ ಕಳಿಸುವ ಡಿಎಚ್‌ಸಿಪಿ ಕೋರಿಕೆಯ 93ನೇ ಆಪ್ಷನ್ ನೋಡಿ. ಹಳೆಯ ಬಯೋಸ್ ಯಂತ್ರ ಅಲ್ಲಿ ಸೊನ್ನೆ ಕಳಿಸುತ್ತದೆ, 64 ಬಿಟ್ ಯುಇಎಫ್‌ಐ ಯಂತ್ರ ಸಾಮಾನ್ಯವಾಗಿ 7. ಒಬ್ಬರ ಫೈಲನ್ನು ಇನ್ನೊಬ್ಬರಿಗೆ ಕೊಟ್ಟರೆ ಅದು ಓಡುವುದಿಲ್ಲ.

ಟಿಎಫ್‌ಟಿಪಿಯ ಮೇಲೆ ಭಾರ ಹೇರುವುದನ್ನಂತೂ ನಾನು ಒಪ್ಪುವುದಿಲ್ಲ. ಅದರ ಮೂಲ ನಿಯಮದಲ್ಲಿ 512 ಬೈಟ್ ಕಳಿಸಿ, ಒಪ್ಪಿಗೆ ಬಂದ ಮೇಲೆಯೇ ಮುಂದಿನ 512. ಹೋಗಿಬರಲು ಒಂದು ಮಿಲಿಸೆಕೆಂಡ್ ಹಿಡಿದರೂ 100 ಎಂಬಿ ಇಮೇಜಿಗೆ ಮೂರು ನಿಮಿಷ ಮೀರುತ್ತದೆ. ಬ್ಲಾಕ್ ಸಂಖ್ಯೆಗೆ ಇರುವುದು 16 ಬಿಟ್, ಹಾಗಾಗಿ 32 ಎಂಬಿ ದಾಟಿದಾಗ ಎಣಿಕೆ ಮುಗಿದು ಕೆಲವು ಕ್ಲೈಂಟ್‌ಗಳು ಅಲ್ಲೇ ನಿಲ್ಲುತ್ತವೆ. ಐಪಿಎಕ್ಸ್‌ಇಯಂಥ ಪುಟ್ಟ ಲೋಡರನ್ನಷ್ಟೇ ಅದರಿಂದ ಇಳಿಸಿ, ಉಳಿದದ್ದನ್ನು ಎಚ್‌ಟಿಟಿಪಿಗೆ ಒಪ್ಪಿಸಿ. 2015ರ ಯುಇಎಫ್‌ಐ 2.5ರ ನಂತರ ಫರ್ಮ್‌ವೇರೇ ನೇರವಾಗಿ ಎಚ್‌ಟಿಟಿಪಿಯಲ್ಲಿ ಬೂಟ್ ಮಾಡಬಲ್ಲದು. ಆಗ ಯಾವ ಯಂತ್ರ ಯಾವ ಫೈಲು ಕೇಳಿತು, 200 ಸಿಕ್ಕಿತೋ 404 ಸಿಕ್ಕಿತೋ ಎಂಬುದು ವೆಬ್ ಸರ್ವರಿನ ಲಾಗಿನಲ್ಲೇ ಸಾಲುಸಾಲಾಗಿ ಸಿಗುತ್ತದೆ.