ಉಣಿಸುವ ನುಡಿ, ಮಾರುವ ನುಡಿ

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ಹಾದಿಯಲ್ಲಾಗಲಿ, ಬೀಳಗಿಯ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ, ಮಗ್ಗದ ಸದ್ದಿನ ರಬಕವಿ-ಬನಹಟ್ಟಿಯ ಪೇಟೆಯಲ್ಲಾಗಲಿ, ಹಸಿದು ನಡೆಯುವವನಿಗೆ ಅನ್ನಕ್ಕಿಂತ ಮೊದಲು ಅಕ್ಷರದ ದರ್ಶನವಾಗುತ್ತದೆ. ಆ ಅಕ್ಷರಗಳಲ್ಲಿ ಈಚೆಗೆ ಮೇಲುಗೈ ಪಡೆದಿರುವುದು ‘ಉತ್ತರ ಕರ್ನಾಟಕ ಶೈಲಿಯ ಜವಾರಿ ಊಟ’ ಎಂಬ ಒಕ್ಕಣೆ. ಬೆಂಗಳೂರಿನ ಬಡಾವಣೆಯೊಂದರಲ್ಲಿ ರೊಟ್ಟಿಯ ಅಂಗಡಿಯಿಟ್ಟವನು ಹಾಗೆ ಬರೆಸಿದರೆ ಅದಕ್ಕೊಂದು ಅರ್ಥವುಂಟು, ಏಕೆಂದರೆ ಅಲ್ಲಿಯ ದಾರಿಹೋಕನಿಗೆ ತಾನು ಏನನ್ನು ಉಣ್ಣಲಿರುವೆನೆಂಬ ಸೂಚನೆ ಬೇಕಾಗುತ್ತದೆ. ಆದರೆ ಕೃಷ್ಣೆ ಘಟಪ್ರಭೆಯರ ನಡುವೆ ನಿಂತು, ಹುಟ್ಟಿದಂದಿನಿಂದ ಬಿಳಿಜೋಳದ ರೊಟ್ಟಿಯನ್ನೇ ಉಂಡವರ ಮುಂದೆ ಅದೇ ರೊಟ್ಟಿಯನ್ನು ‘ಶೈಲಿ’ಯೆಂದು ಘೋಷಿಸುವವನು ಯಾರಿಗೆ ಹೇಳುತ್ತಿದ್ದಾನೆ? ತನ್ನ ಮನೆಯ ಅಡುಗೆಯನ್ನು ಪರವೂರಿನವನ ಕಣ್ಣಿನಿಂದ ನೋಡಿ, ಅವನು ಇಟ್ಟ ಹೆಸರಿನಿಂದಲೇ ಅದನ್ನು ಕರೆಯುವ ಈ ಅಭ್ಯಾಸವು ನನಗೆ ರೇಜಿಗೆ ಹುಟ್ಟಿಸುತ್ತದೆ.

‘ಜವಾರಿ’ಯ ಗತಿ ಇನ್ನೂ ಶೋಚನೀಯವಾದುದು. ಒಕ್ಕಲಿಗನ ಬಾಯಲ್ಲಿ ಅದು ಅತ್ಯಂತ ವಿವೇಚನೆಯ ಮಾತಾಗಿತ್ತು: ಜವಾರಿ ಹತ್ತಿ, ಜವಾರಿ ಸೌತಿಕಾಯಿ, ಜವಾರಿ ಕೋಳಿ ಎಂದಾಗ, ಹೈಬ್ರಿಡ್ ಬೀಜದಿಂದ ಬಂದುದು ಇದಲ್ಲ, ಈ ಮಣ್ಣಿನಲ್ಲಿಯೇ ತಲೆಮಾರುಗಳಿಂದ ಉಳಿದು ಬಂದ ತಳಿಯಿದು ಎಂಬ ನಿರ್ದಿಷ್ಟ ತಿಳಿವಳಿಕೆ ಅದರ ಬೆನ್ನಿಗಿರುತ್ತಿತ್ತು. ಈಗಲೋ ಫಾರ್ಮಿನಿಂದ ಬಂದ ತತ್ತಿಯೂ ಜವಾರಿ, ಪ್ಯಾಕೆಟ್ಟಿನ ಮಸಾಲೆಯೂ ಜವಾರಿ, ಕುರ್ಚಿಯ ಬೆನ್ನಿಗೆ ಗೋಣಿತಟ್ಟು ಹೊದಿಸಿದರೆ ಆ ಕುರ್ಚಿಯೂ ಜವಾರಿ. ಭೇದವನ್ನು ತೋರಿಸುವುದಕ್ಕಾಗಿ ಹುಟ್ಟಿದ ಶಬ್ದವೊಂದು ಎಲ್ಲಕ್ಕೂ ಅಂಟಿಕೊಂಡ ಮೇಲೆ ಅದರಲ್ಲಿ ಉಳಿಯುವುದು ಸದ್ದು ಮಾತ್ರ.

ಇಷ್ಟನ್ನು ಓದಿ, ಇವನು ಪರಭಾಷೆಯ ಶಬ್ದಗಳನ್ನು ಕಂಡರೆ ಮೂಗು ಮುರಿಯುವ ಮಡಿವಂತನೆಂದು ಯಾರೂ ಭಾವಿಸತಕ್ಕದ್ದಲ್ಲ. ಪಟವರ್ಧನರ ಜಮಖಂಡಿಯೂ ಘೋರ್ಪಡೆಯವರ ಮುಧೋಳವೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಳ್ಳುವವರೆಗೆ ಮರಾಠಾ ಸಂಸ್ಥಾನಗಳಾಗಿದ್ದವು. ಮೈಸೂರು ರಾಜ್ಯದೊಡನೆ ಅವು ಒಂದಾದುದು 1956ರಲ್ಲಿ. ಆದುದರಿಂದ ಖಾನಾವಳಿ, ಚಹಾ, ನಾಷ್ಟಾ, ಝುಣಕ, ಭಜಿ ಮೊದಲಾದ ಮಾತುಗಳು ಮರಾಠಿ-ಹಿಂದೂಸ್ತಾನಿಗಳ ಬಾಗಿಲಿನಿಂದ ಒಳಬಂದು, ಒಂದೊಂದೂ ತನ್ನೊಡನೆ ಒಂದು ಪದಾರ್ಥವನ್ನೋ ಒಂದು ಸೌಕರ್ಯವನ್ನೋ ತಂದು, ಮನೆಯ ಮಕ್ಕಳಾಗಿ ಹೋಗಿವೆ. ಝುಣಕಕ್ಕೆ ಅಚ್ಚಗನ್ನಡದ ಹೆಸರು ಹುಡುಕಹೊರಟವನು ಅಷ್ಟರಲ್ಲಿ ಅದನ್ನು ಆರಲು ಬಿಟ್ಟಿರುತ್ತಾನೆ.

ಸಂಸ್ಕೃತವನ್ನು ಆಶ್ರಯಿಸಿದವರ ಪಾಡೂ ಹೇಳಿಕೊಳ್ಳುವಂತಹುದಲ್ಲ. ‘ಉಪಾಹಾರ’ವೆಂಬಲ್ಲಿ ದೀರ್ಘವನ್ನು ನುಂಗಿ ‘ಉಪಹಾರ ಗೃಹ’ವೆಂದು ಬರೆಸಿದವನು, ತಾನರಿಯದೆಯೇ, ಒಳಗೆ ಬಂದವರಿಗೆಲ್ಲ ಕಾಣಿಕೆ ಕೊಡುವ ಹೊಣೆಯನ್ನು ಹೊತ್ತಿದ್ದಾನೆ. ‘ಶುದ್ಧ ಶಾಖಾಹಾರಿ’ ಎಂಬ ಫಲಕವಂತೂ ಒಂದು ಮಹಾಪ್ರಾಣದ ಬಲದಿಂದ ಕಾಯಿಪಲ್ಯವನ್ನು ಮರದ ಕೊಂಬೆಯನ್ನಾಗಿ ಮಾಡಿ, ಗಿರಾಕಿಯನ್ನು ಆಡುಕುರಿಗಳ ಪಂಕ್ತಿಯಲ್ಲಿ ಕೂರಿಸುತ್ತದೆ. ಇವು ನಗಿಸುವ ತಪ್ಪುಗಳು. ಕುಂಚದ ಒಂದೆರಡು ಎಳೆತದಿಂದ ಸರಿಹೋಗತಕ್ಕವು. ಇವುಗಳ ಮೇಲೆ ಹೆಚ್ಚು ಸಿಟ್ಟು ಮಾಡುವುದು ಸಲ್ಲ.

ನಿಜವಾದ ಕೆಡುಕು ತಗುಲಿರುವುದು ಕ್ರಿಯಾಪದಗಳಿಗೆ. ನಮ್ಮ ಕಡೆ ಹಣ್ಣು, ಚುರಮುರಿ, ಭಜಿಗಳು ತಿನ್ನತಕ್ಕವು. ರೊಟ್ಟಿ, ಅನ್ನ, ಅಂಬಲಿಗಳು ಉಣ್ಣತಕ್ಕವು. ಅದೇ ರೊಟ್ಟಿಯನ್ನು ಸುತ್ತಿ ಕೈಯಲ್ಲಿ ಹಿಡಿದು ಓಣಿಯಲ್ಲಿ ಓಡುವ ಹುಡುಗ ತಿನ್ನುತ್ತಾನೆ, ಪಲ್ಯದೊಡನೆ ತಾಟಿನ ಮುಂದೆ ಕುಳಿತಾಗ ಉಣ್ಣುತ್ತಾನೆ. ಹೀಗೆ ‘ಉಣ್ಣು’ ಎಂಬ ಧಾತುವಿನಲ್ಲಿ ಕುಳಿತುಕೊಳ್ಳುವುದೂ, ಕೈತೊಳೆಯುವುದೂ, ಎದುರಿಗೊಬ್ಬರು ನೀಡುವವರಿರುವುದೂ ಅಡಕವಾಗಿವೆ. ಲಂಚವನ್ನು ತಿಂದವರ ಸುದ್ದಿ ದಿನವೂ ಕೇಳುತ್ತೇವೆ. ಲಂಚವನ್ನು ಉಂಡವನನ್ನು ನಾನಂತೂ ಕೇಳಿಲ್ಲ. ಕ್ರಿ.ಶ. 993ರಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದ ರನ್ನನ ಊರಾದ ಮುಧೋಳದಲ್ಲಿ, ಅವನ ಕಾಲದ ಹಳಗನ್ನಡದ ಈ ಧಾತುವನ್ನು ಶಾಲೆಯ ಮೆಟ್ಟಿಲು ಹತ್ತದ ಮುದುಕಿಯೂ ಇಂದಿಗೂ ಎಡವದೆ ಬಳಸುತ್ತಾಳೆಂಬುದು ಅಲ್ಪವಾದ ಸಂಗತಿಯಲ್ಲ. ಅಂತಹ ಮುದುಕಿಯ ಮೊಮ್ಮಗ ಪರದೆಯ ಮೇಲಿನ ಮಾತನ್ನು ಕಲಿತು ‘ಊಟ ತಿಂದ್ರಾ?’ ಎಂದು ಕೇಳಿದಾಗ ಆಕೆಗೆ ಆಗುವ ಕಸಿವಿಸಿಯನ್ನು ಹಳಬರ ಹಟವೆಂದು ತಳ್ಳಿಹಾಕುವಂತಿಲ್ಲ. ಊಟವನ್ನು ‘ಬಾರಿಸುವ’, ಚಹಾವನ್ನು ‘ಹೊಡೆಯುವ’ ಗೆಳೆಯರ ಮಾತನ್ನು ನಾನು ಇಷ್ಟು ಗಂಭೀರವಾಗಿ ಎಣಿಸುವುದಿಲ್ಲ. ಕಟ್ಟೆಯ ಮೇಲಿನ ಸಲಿಗೆಗೆ ಕಟ್ಟೆಯೇ ಮೇರೆ.

‘ನೀಡು’ ಎಂಬುದರ ಮಾತೂ ಇದೇ. ದಕ್ಷಿಣದವರು ಬಡಿಸುತ್ತಾರೆ, ನಾವು ನೀಡುತ್ತೇವೆ. ‘ಪಲ್ಯಾ ನೀಡ್ರಿ, ಅನ್ನಾ ನೀಡ್ರಿ’ ಎಂದು ಪಂಕ್ತಿಯ ಹಿರಿಯರು ಕೂಗುವಾಗ ಕೊಡುವ ಕೈಗೆ ಒಂದು ಘನತೆ ತಾನಾಗಿ ಬರುತ್ತದೆ. ಮದುವೆಯ ಮಂಟಪಗಳಲ್ಲಿ ಈಗ ‘ಸರ್ವ್’ ಮಾಡುವವರು ಬಂದಿದ್ದಾರೆ, ‘ಸ್ಟಾರ್ಟರ್’ ಬಂದಿದೆ, ‘ಕೌಂಟರ್’ ಬಂದಿದೆ. ಹಿಂದೆ ಮಾದಲಿಯನ್ನೋ ಹುಗ್ಗಿಯನ್ನೋ ನೀಡಿ, ತುಪ್ಪ ಹಾಕಿ, ಯಜಮಾನರು ಪಂಕ್ತಿಯ ತುದಿಯಲ್ಲಿ ಕೈಮುಗಿದು ‘ಸಾವಕಾಶ ಆಗ್ಲಿರಿ’ ಎನ್ನುತ್ತಿದ್ದರು. ಆ ಒಂದು ಮಾತಿನಲ್ಲಿ, ನಿಮ್ಮ ಹಿಂದೆ ಯಾರೂ ಕಾಯುತ್ತಿಲ್ಲ, ಪಾತ್ರೆ ಬರಿದಾಗಿಲ್ಲ, ನಾಚಿಕೊಳ್ಳಬೇಡಿರಿ ಎಂಬ ಮೂರು ಆಶ್ವಾಸನೆಗಳಿದ್ದವು. ಕೈಯಲ್ಲಿ ತಟ್ಟೆ ಹಿಡಿದು ಸರದಿಯಲ್ಲಿ ನಿಂತು, ಬೆನ್ನಿಗೆ ಇನ್ನೊಬ್ಬನ ತಟ್ಟೆ ತಾಗುತ್ತಿರುವವನಿಗೆ ಸಾವಕಾಶವೆಂದು ಹೇಳುವುದಾದರೂ ಹೇಗೆ? ಅಲ್ಲಿ ಮಾತು ಸತ್ತದ್ದು ಭಾಷಾಭಿಮಾನದ ಕೊರತೆಯಿಂದಲ್ಲ. ಕುಳಿತು ಉಣ್ಣುವ ಪದ್ಧತಿ ಎದ್ದುಹೋದುದರಿಂದ.

ತರುಣರ ‘ಬೆಂಕಿ’ಯ ವಿಷಯಕ್ಕೆ ಬಂದರೆ, ಎಣಗಾಯಿ ಬೆಂಕಿ, ಮಿರ್ಚಿ ಬೆಂಕಿ, ಕಡೆಗೆ ತಣ್ಣನೆಯ ಮಜ್ಜಿಗೆಯೂ ಬೆಂಕಿ ಎಂದು ಮೊಬೈಲಿನ ಮುಂದೆ ಕಣ್ಣು ಮುಚ್ಚಿ ತಲೆದೂಗುವವರನ್ನು ಕಂಡಾಗ, ಈ ನಾಲಿಗೆಗಳಿಗೆ ರುಚಿ ತಿಳಿಯಿತೋ ಇಲ್ಲವೋ ಎಂಬ ಸಂದೇಹ ಬರುತ್ತದೆ. ಮೊದಲ ಸಾರಿ ಯಾರೋ ಕೆಂಪು ಚಟ್ನಿಯನ್ನು ನಾಲಿಗೆಗೆ ಹಚ್ಚಿಕೊಂಡು ಹಾಗೆ ಉದ್ಗರಿಸಿದ್ದರೆ ಅವನು ಕವಿಯೇ ಸರಿ; ಅನುಕರಿಸಿದವರನ್ನು ಹಾಗೆನ್ನಲಾಗದು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಬರೆದಾಗ ಬದನೆಯ ಪಾಕಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಒಂದು ಕಾಯಿಯನ್ನು ಕುರಿತು ಅಷ್ಟು ಹೇಳುವುದಿತ್ತು ಅವನಿಗೆ. ನಮ್ಮ ವಾಚಾಳಿಗಳಿಗೆ ಒಂದೇ ಶಬ್ದ ಸಾಕಾಗಿದೆ. ಪತ್ರಿಕೆಯವರ ‘ಬಾಯಲ್ಲಿ ನೀರೂರಿಸುವ’ ಎಂಬ ಸವೆದ ವಿಶೇಷಣವೂ ಈ ಬೆಂಕಿಯನ್ನು ಆರಿಸಲಾರದು.

ಮಾತು ಕೆಲಸಕ್ಕೆ ಅಂಟಿಕೊಂಡಿರುವಲ್ಲಿ ಈ ರೋಗವಿಲ್ಲ. ಮುಧೋಳ-ಮಹಾಲಿಂಗಪುರದ ಕಡೆ ಕಬ್ಬಿನ ಗಾಣಗಳು ನಡೆಯುವ ಕಾಲದಲ್ಲಿ ಒಲೆಯ ಬಳಿ ಹೋಗಿ ನಿಲ್ಲಿರಿ. ಕೊಪ್ಪರಿಗೆಯಲ್ಲಿ ಹಾಲು ಕುದಿದು, ಗುಳ್ಳೆಗಳು ಚಿಕ್ಕವಾಗಿ ಒತ್ತೊತ್ತಾಗಿ ಏಳತೊಡಗಿದಾಗ, ಅನುಭವಿಯಾದವನು ಪಾಕದ ನಾಲ್ಕು ಹನಿಯನ್ನು ನೀರಿಗೆ ಬಿಟ್ಟು, ಬೆರಳಿನಿಂದ ಉಂಡೆ ಕಟ್ಟಿ ನೋಡಿ, ‘ಹದಾ ಬಂತು’ ಎನ್ನುತ್ತಾನೆ. ಅಷ್ಟೇ ಮಾತು, ಅದಕ್ಕೆ ಹತ್ತು ಆಳು ಎದ್ದು ಕೊಪ್ಪರಿಗೆಯನ್ನು ಇಳಿಸುತ್ತಾರೆ, ಒಂದು ಗಳಿಗೆ ತಡವಾದರೆ ಬೆಲ್ಲ ಕೆಟ್ಟಿತು. ಅದೇ ಬೆಲ್ಲದ ಪೆಂಟಿಯು ಪಟ್ಟಣ ಸೇರಿ ತುಂಡಾಗಿ ಪೊಟ್ಟಣ ಹೊಕ್ಕೊಡನೆ ‘ಆರ್ಗ್ಯಾನಿಕ್’, ‘ಪ್ರೀಮಿಯಂ’, ‘ಅಜ್ಜಿಯ ಕೈರುಚಿ’ ಎಂಬ ಬಿರುದುಗಳು ಅದರ ಮೈಮೇಲೆ ಹತ್ತುತ್ತವೆ. ಗಾಣದ ಮುಂದೆ ನಾನು ಯಾವ ಅಜ್ಜಿಯನ್ನೂ ಕಂಡವನಲ್ಲ.

ಇನ್ನು ನಮ್ಮ ಮಾತುಗಳೇ ಇತರರಿಗೆ ಕಿರಿಕಿರಿಯಾಗುವ ಪ್ರಸಂಗಗಳೂ ಇವೆ. ಬೆಂಗಳೂರಿನ ಸಹೋದ್ಯೋಗಿಯು ಆದರದಿಂದ ‘ತಿಂಡಿ ಆಯ್ತಾ?’ ಎಂದರೆ ಬೀಳಗಿಯ ಹುಡುಗ ಬೆಚ್ಚುತ್ತಾನೆ, ಏಕೆಂದರೆ ಅವನೂರಿನಲ್ಲಿ ತಿಂಡಿಯೆಂದರೆ ಮೈತುರಿಕೆ, ಜಗಳ ಬಯಸುವವನ ಸೊಕ್ಕಿಗೂ ಅದೇ ಹೆಸರು. ಅವನು ‘ಶೇಂಗಾ ಹಿಂಡಿ ತಂದೇನಿ’ ಎಂದರೆ ಆ ಸಹೋದ್ಯೋಗಿಯ ಕಣ್ಣಮುಂದೆ ದನದ ಬಾನಿ ಬಂದು ನಿಲ್ಲುತ್ತದೆ. ಸಮಾನರ ನಡುವೆ ಇದು ವಿನೋದವೇ. ಆದರೆ ಮೊಟ್ಟೆ ಎನ್ನಲು ಬಾರದೆ ತತ್ತಿಯೆಂದವನನ್ನು ಹಳ್ಳಿಯ ಗಮಾರನೆಂದು ಆಡಿಕೊಂಡು, ಅವನು ಉಳ್ಳಾಗಡ್ಡಿ, ಬಳ್ಳೊಳ್ಳಿಗಳನ್ನು ಗಂಟಲಲ್ಲಿಯೇ ನುಂಗುವಂತೆ ಮಾಡುವ ನಗೆಯನ್ನು ವಿನೋದವೆನ್ನಲು ನಾನು ಸಿದ್ಧನಿಲ್ಲ. ಅದರ ಫಲ ಈಗ ಅಂಗಡಿಯ ತನಕ ಬಂದಿದೆ. ಮುಧೋಳದ ಪೇಟೆಯಲ್ಲಿ ‘ಹಿಂಡಿ ಕೊಡ್ರಿ’ ಎಂದು ಕೇಳಿದರೆ ಕೈಗೆ ಬರುವ ಪೊಟ್ಟಣದ ಮೇಲೆ ‘ಶೇಂಗಾ ಚಟ್ನಿ ಪುಡಿ’ ಎಂದು ಅಚ್ಚಾಗಿರುತ್ತದೆ. ಅಂಗಡಿಯ ಅಣ್ಣನನ್ನು ಕೇಳಿದರೆ, ‘ಹಿಂಡಿ ಅಂತ ಬರಸಿದ್ರ ಆ ಕಡೆ ಹೋಗೂದಿಲ್ರಿ’ ಎನ್ನುತ್ತಾನೆ. ಅವನನ್ನು ಆಕ್ಷೇಪಿಸುವುದಕ್ಕೆ ನನಗೆ ಬಾಯಿಲ್ಲ. ಆಕ್ಷೇಪಿಸಬೇಕಾದ ಗಿರಾಕಿ ‘ಆ ಕಡೆ’ ಇದ್ದಾನೆ.