ಒಂದೇ ಹಡಗು, ಎರಡು ನೆನಪು

ಪುಣೆಗೆ ಸಮುದ್ರವಿಲ್ಲ. ಆದರೂ ಹಡಗಿನ ಹುಚ್ಚು ಹತ್ತಿದವರಿಗೆ ಇದು ಒಗ್ಗುವ ಊರು. ಖಡಕ್‌ವಾಸ್ಲಾದ ಪೀಕಾಕ್ ಬೇಯಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಕೆಡೆಟ್‌ಗಳು ದೋಣಿ ನಡೆಸುವುದನ್ನು ಕಲಿಯುತ್ತಾರೆ. ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿ 1945ರಿಂದಲೂ ನೌಕಾಪಡೆಯ ಎಂಜಿನಿಯರಿಂಗ್ ತರಬೇತಿ ನಡೆದಿದೆ. ಸೇವೆ ಮುಗಿಸಿದ ಅಧಿಕಾರಿಗಳಲ್ಲಿ ಎಷ್ಟೋ ಮಂದಿ ಕೊನೆಗೆ ಇಲ್ಲೇ ಮನೆ ಮಾಡುತ್ತಾರೆ. ಅವರ ಕಪಾಟಿನ ಪುಸ್ತಕಗಳು ಒಂದಲ್ಲ ಒಂದು ದಿನ ರದ್ದಿ ಅಂಗಡಿಗೆ ಇಳಿಯುತ್ತವೆ. ನನ್ನಂಥವರ ಬೇಟೆ ಶುರುವಾಗುವುದು ಅಲ್ಲಿಂದ.

ಹಡಗಿನ ಚರಿತ್ರೆ ಓದುವುದಕ್ಕೂ ಒಂದು ಶಿಸ್ತಿದೆ. ಎಲ್ಲಿ ಕಟ್ಟಿದರು, ಯಾವ ಕೆಲಸಕ್ಕೆಂದು ಕಟ್ಟಿದರು, ಒಮ್ಮೆ ಎಣ್ಣೆ ತುಂಬಿದರೆ ಎಷ್ಟು ದೂರ ಹೋಗುತ್ತಿತ್ತು, ಕಪ್ತಾನರು ಯಾರು ಯಾರು, ಯಾವ ತಾರೀಖಿಗೆ ಯಾವ ನೀರಿನಲ್ಲಿತ್ತು, ಯಾರನ್ನು ಮುಳುಗಿಸಿತು, ತಾನೆಲ್ಲಿ ಮುಳುಗಿತು. ಜಾತಕ ನೋಡುವವರು ಹನ್ನೆರಡು ಮನೆಗಳನ್ನೂ ನೋಡುವಂತೆ ಇದೆಲ್ಲವನ್ನೂ ನೋಡಬೇಕು. ರಾಜಯೋಗವಿರುವ ಮನೆಯೊಂದನ್ನೇ ನೋಡಿ ಎದ್ದರೆ ಓದಿದ ಹಾಗಾಗಲಿಲ್ಲ. ಈ ಮಾತಿಗೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಜಪಾನಿನ ಸಬ್‌ಮರೀನ್ ಐ-29.

ಹೆಸರು ಅಪರಿಚಿತ ಅನ್ನಿಸಬಹುದು, ಕಥೆ ಪರಿಚಿತವೇ. 1928ರ ಮೇ ತಿಂಗಳಲ್ಲಿ ಮಹಾರಾಷ್ಟ್ರ ಪ್ರಾಂತೀಯ ಸಮ್ಮೇಳನದ ಅಧ್ಯಕ್ಷರಾಗಿ ಇದೇ ಪುಣೆಗೆ ಬಂದಿದ್ದ ಸುಭಾಷ್‌ಚಂದ್ರ ಬೋಸರು, 15 ವರ್ಷಗಳ ಬಳಿಕ ನಡುಸಮುದ್ರದಲ್ಲಿ ಜರ್ಮನಿಯ ಸಬ್‌ಮರೀನಿನಿಂದ ಇಳಿದು ಜಪಾನಿನ ಸಬ್‌ಮರೀನನ್ನು ಹತ್ತಿದರು. ಶಾಲೆಯ ಪಾಠದಲ್ಲೂ ಭಾಷಣಗಳಲ್ಲೂ ಬರುವ ಆ ಎರಡನೆಯ ಸಬ್‌ಮರೀನೇ ಇದು. ಬೋಸರು ಅದರೊಳಗಿದ್ದದ್ದು ಒಂದು ವಾರದಷ್ಟು. ಅದರ ಆಯುಸ್ಸು ಎರಡು ವರ್ಷ ಐದು ತಿಂಗಳು. ಉಳಿದ ದಿನಗಳಲ್ಲಿ ಅದು ಏನು ಮಾಡುತ್ತಿತ್ತು?

ಮೊದಲು ಹುಟ್ಟು. ಯೊಕೊಸುಕಾದ ನೌಕಾ ಕಾರ್ಖಾನೆಯಲ್ಲಿ ಕಟ್ಟಿದ ಐ-29 ನೀರಿಗಿಳಿದದ್ದು 1940ರಲ್ಲಿ, ಸೇವೆಗೆ ಸೇರಿದ್ದು 1942ರ ಫೆಬ್ರುವರಿ 27ರಂದು. ಬಿ-1 ಎಂಬ ಮಾದರಿಯ 20 ಸಬ್‌ಮರೀನ್‌ಗಳಲ್ಲಿ ಇದೊಂದು. ಉದ್ದ 108.7 ಮೀಟರ್, ಮೇಲ್ಮೈಯಲ್ಲಿ 2,584 ಟನ್, ಮುಳುಗಿದಾಗ 3,654 ಟನ್. ಎರಡು ಡೀಸೆಲ್ ಎಂಜಿನ್‌ಗಳಿಂದ 12,400 ಅಶ್ವಶಕ್ತಿ, ನೀರಿನ ಮೇಲೆ 23.5 ನಾಟ್ ವೇಗ. ಮೂತಿಯಲ್ಲಿ ಆರು ಟಾರ್ಪಿಡೊ ಕೊಳವೆಗಳು, ಹೊಟ್ಟೆಯಲ್ಲಿ 17 ಟಾರ್ಪಿಡೊಗಳು. ಡೆಕ್ಕಿನ ಹಿಂಭಾಗದಲ್ಲಿ 14 ಸೆಂಟಿಮೀಟರ್ ಫಿರಂಗಿ. ಮುಂಭಾಗದಲ್ಲಿ ಫಿರಂಗಿಗೆ ಜಾಗವಿರಲಿಲ್ಲ, ಏಕೆಂದರೆ ಅಲ್ಲೊಂದು ವಿಮಾನವಿತ್ತು.

ಹೌದು, ವಿಮಾನ. ರೆಕ್ಕೆ ಬಿಚ್ಚಿ ಮಡಚಿದ ಪುಟ್ಟ ಸಮುದ್ರವಿಮಾನವೊಂದನ್ನು ನೀರು ನುಗ್ಗದ ಉರುಟು ಗೂಡಿನಲ್ಲಿ ಇಟ್ಟಿರುತ್ತಿದ್ದರು. ಮೇಲೆ ಬಂದಾಗ ಅದನ್ನು ಎಳೆದು, ಜೋಡಿಸಿ, ಡೆಕ್ಕಿನ ಮೇಲಿನ ಕವಣೆಯಂತ್ರದಿಂದ ಆಕಾಶಕ್ಕೆ ಚಿಮ್ಮಿಸುವುದು. ಇದು ಪ್ರದರ್ಶನದ ಚಮತ್ಕಾರವಲ್ಲ. ಅಮೆರಿಕದ ಯುದ್ಧನೌಕೆಗಳ ಪಡೆ ಪೆಸಿಫಿಕ್ ದಾಟಿ ಬರುವಾಗ ಅದನ್ನು ದೂರದಿಂದಲೇ ಪತ್ತೆ ಹಚ್ಚಿ, ದಾರಿಯುದ್ದಕ್ಕೂ ಕಚ್ಚಿ ಕಚ್ಚಿ ಸೊರಗಿಸಿ, ಕೊನೆಗೆ ತನ್ನ ದೊಡ್ಡ ನೌಕೆಗಳಿಂದ ಒಂದೇ ಕಾಳಗದಲ್ಲಿ ಮುಗಿಸುವುದು ಜಪಾನಿನ ಯೋಜನೆ. ಬಿ-1 ಸಬ್‌ಮರೀನ್ ಆ ಯೋಜನೆಯ ಕಣ್ಣು. ಕಣ್ಣು ದೂರ ಹೋಗಬೇಕು. ಹಾಗಾಗಿ 16 ನಾಟ್ ವೇಗದಲ್ಲಿ 14,000 ನಾಟಿಕಲ್ ಮೈಲಿ ಸಾಗುವಷ್ಟು ಎಣ್ಣೆ.

ಇದಕ್ಕೆ ತೆತ್ತ ಬೆಲೆಯನ್ನೂ ನೋಡಬೇಕು. ಮುಳುಗಿದರೆ ಬ್ಯಾಟರಿಯ ಬಲದಲ್ಲಿ ಮೂರು ನಾಟ್ ವೇಗದಲ್ಲಿ 96 ನಾಟಿಕಲ್ ಮೈಲಿ, ಅಂದರೆ 32 ಗಂಟೆ. ಅಷ್ಟರೊಳಗೆ ಮೇಲೆ ಬಂದು ಡೀಸೆಲ್ ಹಚ್ಚಿ ಬ್ಯಾಟರಿ ತುಂಬಿಕೊಳ್ಳಲೇಬೇಕು. ಆ ಕಾಲದ ಸಬ್‌ಮರೀನ್ ಎಂದರೆ ಬೇಕಾದಾಗ ಮುಳುಗಬಲ್ಲ ಹಡಗು, ಅಷ್ಟೇ. ಭಾರೀ ಮೈ ಬೇಗ ಮುಳುಗಲೊಲ್ಲದು, ಶತ್ರುವಿನ ಉಪಕರಣಗಳಿಗೆ ಬೇಗ ಸಿಕ್ಕಿಬೀಳುತ್ತದೆ. 20 ಬಿ-1ಗಳಲ್ಲಿ ಯುದ್ಧದ ಕೊನೆಯವರೆಗೆ ಉಳಿದದ್ದು ಐ-36 ಒಂದೇ.

ಕಣ್ಣಿನ ಕೆಲಸವನ್ನು ಐ-29 ಒಮ್ಮೆ ಚೆನ್ನಾಗಿಯೇ ಮಾಡಿತು. 1942ರ ಮೇ 23ರಂದು ಅದರ ವಿಮಾನ ಆಸ್ಟ್ರೇಲಿಯಾದ ಸಿಡ್ನಿ ಬಂದರಿನ ಮೇಲೆ ಹಾರಿ ಬಂತು; ಆ ತಿಂಗಳ ಕೊನೆಯ ರಾತ್ರಿ ಜಪಾನಿನ ಕಿರು ಸಬ್‌ಮರೀನ್‌ಗಳು ಬಂದರಿಗೆ ನುಗ್ಗಿದವು. ಆಮೇಲೆ ಪೆಸಿಫಿಕ್‌ನ ಯೋಜನೆಗಳೆಲ್ಲ ತಲೆಕೆಳಗಾದವು, ಯುದ್ಧನೌಕೆ ಹುಡುಕಲು ಹುಟ್ಟಿದ ಐ-29ಕ್ಕೆ ಹಿಂದೂ ಮಹಾಸಾಗರದಲ್ಲಿ ವ್ಯಾಪಾರಿ ಹಡಗುಗಳ ಬೇಟೆಯ ಕೆಲಸ ಬಂತು. ಕಪ್ತಾನ ಇಜು ಜುಯಿಚಿ. ಸೆಪ್ಟೆಂಬರಿನಲ್ಲಿ ಅರಬ್ಬೀ ಸಮುದ್ರದಲ್ಲಿ ಅದು ಮುಳುಗಿಸಿದ ಹಡಗುಗಳಲ್ಲಿ ಅಮೆರಿಕದ ಪಾಲ್ ಲಕೆನ್‌ಬಾಕ್ ಒಂದು. ಅದರ ಜನ ಹಲವು ದಿನ ದೋಣಿಗಳಲ್ಲಿ ಸಾಗಿ ನಮ್ಮ ಪಶ್ಚಿಮ ಕರಾವಳಿಗೆ ಬಂದು ಮುಟ್ಟಿದರು.

ಇನ್ನು ತಿಲಾವಾ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ಈ 10,000 ಟನ್ನಿನ ಪ್ರಯಾಣಿಕರ ಹಡಗು 1924ರಲ್ಲಿ ಕಟ್ಟಿದ್ದು. ಮುಂಬೈಗೂ ಆಫ್ರಿಕಾದ ಪೂರ್ವ ತೀರಕ್ಕೂ ನಡುವೆ ಓಡಾಡುತ್ತಿತ್ತು. 1942ರ ನವೆಂಬರ್ 20ರಂದು ಮುಂಬೈಯಿಂದ ಹೊರಟಾಗ ಅದರಲ್ಲಿ 958 ಜನ: 732 ಪ್ರಯಾಣಿಕರು, 222 ಸಿಬ್ಬಂದಿ, ನಾಲ್ವರು ತೋಪಿನವರು. ಪ್ರಯಾಣಿಕರಲ್ಲಿ ಬಹುಪಾಲು ಭಾರತೀಯರು, ಅದರಲ್ಲೂ ಆಫ್ರಿಕಾದಲ್ಲಿ ಅಂಗಡಿ ಇಟ್ಟಿದ್ದ ಗುಜರಾತಿ ಕುಟುಂಬಗಳವರು. ಸರಕಿನ ನಡುವೆ ದಕ್ಷಿಣ ಆಫ್ರಿಕಾದ ನಾಣ್ಯ ಟಂಕಿಸಲು ಹೊರಟ 2,364 ಬೆಳ್ಳಿ ಗಟ್ಟಿಗಳು. ಜೊತೆಗೆ ಕಾವಲು ನೌಕೆ ಇರಲಿಲ್ಲ.

ನವೆಂಬರ್ 23ರ ನಸುಕಿಗೆ ಮುಂಚೆ, ಸೆಶೆಲ್ಸ್ ದ್ವೀಪಗಳಿಂದ ಈಶಾನ್ಯಕ್ಕೆ 900ಕ್ಕೂ ಹೆಚ್ಚು ಮೈಲಿ ದೂರದಲ್ಲಿ, ಐ-29ರ ಮೊದಲ ಟಾರ್ಪಿಡೊ ತಗಲಿತು. ಹಡಗು ತಕ್ಷಣ ಮುಳುಗಲಿಲ್ಲ. ಜನ ದೋಣಿಗಳಿಗೆ ಮುಗಿಬಿದ್ದರು, ಕತ್ತಲಲ್ಲಿ ದೋಣಿಗಳು ಮಗುಚಿದವು. ಹಡಗು ತೇಲಿಕೊಂಡೇ ಇದ್ದದ್ದನ್ನು ಕಂಡು ಕೆಲವು ದೋಣಿಗಳು ಅದರತ್ತ ಮರಳಿದವು. ಆಗ ಎರಡನೆಯ ಟಾರ್ಪಿಡೊ ಬಂತು. ಅದರ ನಂತರ ತಿಲಾವಾ ನಿಲ್ಲಲಿಲ್ಲ. ಎರಡು ದಿನ ನೀರಿನ ಮೇಲೆ ಕಳೆದ 678 ಮಂದಿಯನ್ನು ಬ್ರಿಟಿಷ್ ಕ್ರೂಸರ್ ಬರ್ಮಿಂಗ್‌ಹ್ಯಾಮ್ ಎತ್ತಿಕೊಂಡು 27ರಂದು ಮುಂಬೈಗೆ ತಂದಿತು. ಸತ್ತವರು 280.

ಇದಾಗಿ ಐದೇ ತಿಂಗಳು. ಐ-29 ಪೆನಾಂಗ್‌ನಿಂದ 1943ರ ಏಪ್ರಿಲ್ 5ರಂದು ಹೊರಟಿತು. ಕಪ್ತಾನ ಅದೇ ಇಜು. ಜೊತೆಗೆ ದಳದ ಮುಖ್ಯಸ್ಥ ತೆರಾವೊಕಾ ಮಸಾವೊ. ಒಳಗೆ ಬರ್ಲಿನ್ನಿನ ಜಪಾನಿ ರಾಯಭಾರ ಕಚೇರಿಗೆ ತಲುಪಬೇಕಾದ ಎರಡು ಟನ್ ಚಿನ್ನ. ಅತ್ತ ಫೆಬ್ರುವರಿ 9ರಂದು ಜರ್ಮನಿಯ ಕೀಲ್ ಬಂದರಿನಿಂದ ಯು-180 ಹೊರಟಿತ್ತು. ಕಪ್ತಾನ ವೆರ್ನರ್ ಮುಸೆನ್‌ಬೆರ್ಗ್. ಪ್ರಯಾಣಿಕರು ಇಬ್ಬರು: ಬೋಸರು ಮತ್ತು ಹೈದರಾಬಾದಿನ ಆಬಿದ್ ಹಸನ್. ಯು-180 ಸ್ವತಃ ಒಂದು ಪ್ರಯೋಗ. ವೇಗದ ಆಸೆಗೆ ಬಿದ್ದು ಟಾರ್ಪಿಡೊ ದೋಣಿಗಳಿಗೆಂದು ತಯಾರಾದ ಆರು ಎಂಜಿನ್‌ಗಳನ್ನು ಅದರೊಳಗೆ ಕೂರಿಸಿದ್ದರು. ವೇಗವೇನೋ ಬಂತು, ಜೊತೆಗೆ ತಡೆಯಲಾರದ ಸೆಕೆ, ಹೊಗೆ, ರಿಪೇರಿ. ಆ ಮಾದರಿಯಲ್ಲಿ ಎರಡನ್ನು ಕಟ್ಟಿ ಕೈಬಿಟ್ಟರು. ಡೀಸೆಲ್ ವಾಸನೆ ಹತ್ತಿದ ಬ್ರೆಡ್ಡು, ಇಕ್ಕಟ್ಟಿನ ಬಂಕು, ಅಲ್ಲೇ ಕೂತು ಹಸನರಿಗೆ ಬರೆಸುವ ಕೆಲಸ: ಹನ್ನೊಂದು ವಾರ ಬೋಸರು ಹೀಗೆ ಕಳೆದರು. ಅವರು ಒಳಗಿದ್ದಾಗಲೇ, ಏಪ್ರಿಲ್ 18ರಂದು, ಯು-180 ಬ್ರಿಟಿಷ್ ಎಣ್ಣೆ ಹಡಗು ಕಾರ್ಬಿಸ್ ಅನ್ನು ಮುಳುಗಿಸಿತು.

ಏಪ್ರಿಲ್ 26ರಂದು ಮಡಗಾಸ್ಕರ್‌ನ ಆಗ್ನೇಯಕ್ಕೆ ಎರಡೂ ಸೇರಿದವು. ಸಮುದ್ರ ಮಾತ್ರ ಸೇರಲು ಬಿಡಲಿಲ್ಲ. ಅಲೆಗಳು ತಗ್ಗಲೆಂದು ಕಾದು, 28ರಂದು ರಬ್ಬರ್ ತೆಪ್ಪದಲ್ಲಿ ಬೋಸರೂ ಹಸನರೂ ನೆನೆದು ತೊಪ್ಪೆಯಾಗಿ ಐ-29ಕ್ಕೆ ಬಂದರು. ಜಪಾನಿನ ಇಬ್ಬರು ನೌಕಾ ಅಧಿಕಾರಿಗಳು ಯು-180ಕ್ಕೆ ಹೋದರು, ಚಿನ್ನವೂ ಹೋಯಿತು. ಐ-29ರಲ್ಲಿ ಜಾಗ ಹೆಚ್ಚು, ಊಟವೂ ಹಿತ. ಅತಿಥಿಗಳಿಗೆಂದು ಪೆನಾಂಗ್‌ನಲ್ಲಿ ಮಸಾಲೆ ಪದಾರ್ಥ ಕೊಂಡಿದ್ದರಂತೆ. ಮೇ ಮೊದಲ ವಾರದಲ್ಲಿ ಸುಮಾತ್ರಾದ ತುದಿಯ ಸಬಾಂಗ್‌ನಲ್ಲಿ ಬೋಸರು ದಡ ಹತ್ತಿದರು. ಅಲ್ಲಿಂದ ವಿಮಾನದಲ್ಲಿ ಟೋಕಿಯೊ. ಅಮೆರಿಕದ ಪಡೆಯನ್ನು ಹುಡುಕಲೆಂದು ತುಂಬಿಸಿಕೊಟ್ಟ ಎಣ್ಣೆ ಮತ್ತು ದೊಡ್ಡ ಒಡಲು ಈ ಕೆಲಸಕ್ಕೆ ಒದಗಿ ಬಂದವು.

ಆ ವರ್ಷ ಡಿಸೆಂಬರಿನಲ್ಲಿ ಐ-29ಕ್ಕೆ ಮತ್ತೊಂದು ಅವತಾರ: ಅಂಚೆಯವನದು. ಹೊಸ ಕಪ್ತಾನ ಕಿನಾಶಿ ತಕಕಾಜು, 1942ರಲ್ಲಿ ಐ-19ರಿಂದ ಅಮೆರಿಕದ ವಿಮಾನವಾಹಕ ನೌಕೆ ವಾಸ್ಪ್ ಅನ್ನು ಹೊಡೆದ ವ್ಯಕ್ತಿ. ಸಿಂಗಪುರದಿಂದ ಆಫ್ರಿಕಾ ಸುತ್ತಿ 1944ರ ಮಾರ್ಚ್ 11ರಂದು ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಲೊರಿಯಾಂ ತಲುಪಿ, ರಾಕೆಟ್ ಮತ್ತು ಜೆಟ್ ವಿಮಾನಗಳ ನಕಾಶೆಗಳನ್ನು ಹೇರಿಕೊಂಡು ಜುಲೈ 14ರಂದು ಸಿಂಗಪುರಕ್ಕೆ ಮರಳಿತು. ಒಬ್ಬ ಅಧಿಕಾರಿ ಒಂದಿಷ್ಟು ಕಾಗದಗಳೊಂದಿಗೆ ಅಲ್ಲಿಂದ ವಿಮಾನ ಹತ್ತಿದ. ಜಪಾನಿನ ಮೊದಲ ಜೆಟ್ ಕಿಕ್ಕಾ 1945ರ ಆಗಸ್ಟ್‌ನಲ್ಲಿ ಹಾರಿದ್ದು ಆ ಕಾಗದಗಳ ನೆರವಿನಿಂದ. ಉಳಿದದ್ದೆಲ್ಲ ಸಬ್‌ಮರೀನಿನಲ್ಲೇ ಉಳಿಯಿತು. ಜಪಾನಿನ ಗುಪ್ತ ಸಂಕೇತಗಳನ್ನು ಬಿಡಿಸಿ ಓದುತ್ತಿದ್ದ ಅಮೆರಿಕನ್ನರಿಗೆ ಅದರ ದಾರಿ ಗೊತ್ತಿತ್ತು. ಜುಲೈ 26ರಂದು ಫಿಲಿಪೀನ್ಸ್‌ನ ಉತ್ತರಕ್ಕೆ ಬಲಿಂಟಾಂಗ್ ಕಾಲುವೆಯಲ್ಲಿ ಸಾಫಿಶ್ ಎಂಬ ಸಬ್‌ಮರೀನ್ ಕಾದಿತ್ತು. ಐ-29ರಲ್ಲಿ ಬದುಕಿ ಬಂದವನು ಒಬ್ಬನೇ.

ಈ ಹಾಳೆಗಳನ್ನು ಒಟ್ಟಿಗೆ ಓದಿದವರು ನಮ್ಮಲ್ಲಿ ಕಡಿಮೆ. ನೇತಾಜಿಯ ಅಭಿಮಾನಿಗಳಿಗೆ ಐ-29 ಸ್ವಾತಂತ್ರ್ಯದ ವಾಹನ. ತಿಲಾವಾದಲ್ಲಿ ತಮ್ಮವರನ್ನು ಕಳೆದುಕೊಂಡ ಮನೆಗಳಿಗೆ ಅದು ಕೊಲೆಗಡುಕ. ಎರಡೂ ನಿಜ, ಎರಡೂ ಭಾರತೀಯರ ನೆನಪುಗಳೇ. ಆದರೆ ಒಂದಕ್ಕೆ ಪಾಠವುಂಟು, ಪ್ರತಿಮೆಯುಂಟು, ಇನ್ನೊಂದು ಮನೆಮಾತಿನಲ್ಲೇ ಉಳಿದು, 80 ವರ್ಷ ತುಂಬಿದ 2022ರಲ್ಲಿ ಮುಂಬೈಯಲ್ಲಿ ಒಂದು ಸ್ಮರಣೆಯ ಸಭೆ ಕಂಡಿತು. ಬೆಳ್ಳಿಯ ಗತಿ ಉತ್ತಮವಾಗಿತ್ತು. ಎರಡೂವರೆ ಕಿಲೋಮೀಟರ್ ಆಳದಿಂದ 2017ರಲ್ಲಿ ಗಟ್ಟಿಗಳನ್ನು ಮೇಲೆತ್ತಿದರು. ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 2024ರಲ್ಲಿ ದಕ್ಷಿಣ ಆಫ್ರಿಕಾದ ಪರ ತೀರ್ಪು ಬಂತು.

ಇದರಿಂದ ಬೋಸರ ಸಾಹಸ ಸಣ್ಣದಾಗುವುದಿಲ್ಲ. ಆ ಯುದ್ಧದಲ್ಲಿ ಯಾರ ಸಬ್‌ಮರೀನೂ ವ್ಯಾಪಾರಿ ಹಡಗನ್ನು ಬಿಡಲಿಲ್ಲ. ಜಪಾನನ್ನು ಹಸಿವಿಗೆ ದೂಡಿದ್ದು ಅಮೆರಿಕದ ಸಬ್‌ಮರೀನ್‌ಗಳೇ. ದಾರಿ ಬೇಕಿದ್ದವರು ಸಿಕ್ಕ ಹಡಗು ಹತ್ತಿದರು, ಆ ಹಡಗಿಗೆ ಅದಕ್ಕೆ ಮುಂಚೆಯೂ ಒಂದು ಬಾಳಿತ್ತು, ಅಷ್ಟೇ. ಆದರೆ ಹಡಗಿನ ಚರಿತ್ರೆಯ ರುಚಿ ಹತ್ತಿದವರು ಪ್ರಯಾಣಿಕರ ದೊಡ್ಡಸ್ತಿಕೆಯಿಂದ ಹಡಗನ್ನು ಅಳೆಯಬಾರದು. ಇನ್ನು ಮುಂದೆ ಯಾರಾದರೂ ನೇತಾಜಿಯ ಸಬ್‌ಮರೀನ್ ಕಥೆ ತೆಗೆದರೆ ಪೂರ್ತಿ ಕೇಳಿ, ಒಳ್ಳೆಯ ಕಥೆ. ಮುಗಿದ ಮೇಲೆ, ಅದಕ್ಕೆ ಐದು ತಿಂಗಳ ಹಿಂದೆ ಅದೇ ಕಪ್ತಾನ ಎಲ್ಲಿದ್ದನೆಂದು ಗೊತ್ತೇ ಎಂದು ಕೇಳಿ.

ಮುಂದಿನ ವಾರ ನಮ್ಮದೇ ನೌಕಾಪಡೆಯ ಕುರ್ಸುರಾ: 1969ರಲ್ಲಿ ರೀಗಾದಲ್ಲಿ ಸೇವೆಗೆ ಸೇರಿ, 1971ರ ಯುದ್ಧದ ಹೊತ್ತಿಗೆ ಅರಬ್ಬೀ ಸಮುದ್ರದಲ್ಲಿ ಗಸ್ತು ತಿರುಗಿ, ಈಗ ವಿಶಾಖಪಟ್ಟಣದ ಮರಳಿನ ಮೇಲೆ ಟಿಕೆಟ್ ಕೊಂಡವರಿಗೆಲ್ಲ ಬಾಗಿಲು ತೆರೆದಿರುವ ಸಬ್‌ಮರೀನ್.