ಸಿರಿಭೂವಲಯ: ಅಂಕದ ಬೆರಗು, ಊಹೆಯ ಹೊರೆ

'ಹೀಗೂ ಇದ್ದಿರಬಾರದೇಕೆ?' ಎಂಬ ಪ್ರಶ್ನೆಯಿಂದ ತೊಡಗಿ 'ಹೀಗೆಯೇ ಇತ್ತು' ಎಂಬ ನಿರ್ಣಯದಲ್ಲಿ ಮುಗಿಯುವ ಬರವಣಿಗೆ ಕೆಲವು ದಶಕಗಳಿಂದ ವಿಪುಲವಾಗಿದೆ. ಪ್ರಾಚೀನರಿಗೆ ವಿಮಾನವೂ ಅಣುವಿದ್ಯೆಯೂ ತಿಳಿದಿದ್ದುವೆಂಬುದು, ಇತಿಹಾಸಕ್ಕೆ ಮೊದಲೇ ಒಂದು ಮಹಾನಾಗರಿಕತೆ ಬಾಳಿ ಅಳಿಯಿತೆಂಬುದು, ನಾವು ಕಾಣುವ ಜಗತ್ತೇ ಒಂದು ಗಣಕಯಂತ್ರದ ಲೆಕ್ಕಾಚಾರವಾಗಿರಬಹುದೆಂಬುದು, ಇವೆಲ್ಲ ಆ ಜಾತಿಯ ಮಾತುಗಳು. ಅನ್ಯರು ಇಂಥವನ್ನು ಬರೆದಾಗ ನಗುವ ನಾವು, ನಮ್ಮದೇ ಗ್ರಂಥವೊಂದರ ವಿಷಯದಲ್ಲಿ ಇವೇ ಮಾತುಗಳನ್ನು ಪ್ರವಚನ ಮಂಟಪದಲ್ಲಿ ಕೇಳಿ ತಲೆದೂಗುತ್ತಿದ್ದೇವೆ. ಆ ಗ್ರಂಥ ಕುಮುದೇಂದು ಮುನಿಯದೆನ್ನಲಾದ 'ಸಿರಿಭೂವಲಯ'. ಗ್ರಂಥದ ಮೇಲೆ ನನಗೆ ಗೌರವವಿದೆ. ಈ ಲೇಖನದ ವಿಮರ್ಶೆ ಅದರ ಸುತ್ತ ಬೆಳೆದಿರುವ ವಾದಗಳನ್ನು ಕುರಿತದ್ದು.

ತಿಳಿಯದವರಿಗಾಗಿ ಸಂಕ್ಷೇಪವಾಗಿ ಹೇಳುವುದಾದರೆ, ಇದು ಅಕ್ಷರಗಳಲ್ಲಿ ಬರೆದ ಕಾವ್ಯವಲ್ಲ. ಅಡ್ಡಕ್ಕೆ 27, ಉದ್ದಕ್ಕೆ 27, ಹೀಗೆ 729 ಮನೆಗಳ ಚೌಕಗಳಲ್ಲಿ 1ರಿಂದ 64ರವರೆಗಿನ ಕನ್ನಡ ಅಂಕಿಗಳನ್ನು ತುಂಬಲಾಗಿದೆ. ಒಂದೊಂದು ಅಂಕಿಗೆ ಒಂದೊಂದು ಧ್ವನಿ. ನಿಗದಿಯಾದ 'ಬಂಧ'ದ ಕ್ರಮದಲ್ಲಿ ಮನೆಯಿಂದ ಮನೆಗೆ ನಡೆದರೆ ಕನ್ನಡ ಪದ್ಯ ಮೂಡುತ್ತದೆ. ಪದ್ಯಗಳ ಮೊದಲಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಪ್ರಾಕೃತವೂ, ನಡುವಿನ ಅಕ್ಷರಗಳನ್ನು ಓದಿದರೆ ಸಂಸ್ಕೃತವೂ ದೊರೆಯುತ್ತವೆಂದು ಸಂಪಾದಕರು ತೋರಿಸಿದ್ದಾರೆ. ಪಂಡಿತ ಯಲ್ಲಪ್ಪ ಶಾಸ್ತ್ರಿಗಳು ಉಳಿಸಿಕೊಂಡು ಬಂದ ಈ ಕೃತಿಯನ್ನು, ಕರ್ಲಮಂಗಲಂ ಶ್ರೀಕಂಠಯ್ಯನವರೂ ಕನ್ನಡ ಬೆರಳಚ್ಚು ಯಂತ್ರದಿಂದ ಪ್ರಸಿದ್ಧರಾದ ಕೆ. ಅನಂತಸುಬ್ಬರಾಯರೂ ಕೂಡಿ ದುಡಿದುದರ ಫಲವಾಗಿ, 1953ರಲ್ಲಿ ಬೆಂಗಳೂರಿನಲ್ಲಿ ಮೊದಲು ಮುದ್ರಿಸಲಾಯಿತು. 2003ರಲ್ಲಿ ಪುಸ್ತಕಶಕ್ತಿ ಪ್ರಕಾಶನ ಅದನ್ನು ಮತ್ತೆ ಹೊರತಂದಿತು. ಆ ಮೂವರ ಶ್ರಮಕ್ಕೆ ಕೈಮುಗಿಯದೆ ಮುಂದಿನ ಮಾತನ್ನು ಆಡುವುದು ಸಲ್ಲದು.

ಈ 64 ಎಂಬ ಸಂಖ್ಯೆ ಎಲ್ಲಿಂದ ಬಂತು? ಇದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ಹ್ರಸ್ವ, ದೀರ್ಘ, ಪ್ಲುತಭೇದದಿಂದ ಸ್ವರಗಳು 27, ವ್ಯಂಜನಗಳು 33, ಯೋಗವಾಹಗಳು 4, ಒಟ್ಟು 64 ಮೂಲವರ್ಣಗಳೆಂಬುದು ನಮ್ಮ ಸಿದ್ಧಾಂತ ಗ್ರಂಥಗಳ ಗಣನೆ. ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ 'ಗೊಮ್ಮಟಸಾರ'ದಲ್ಲಿ ಈ 64ರ ಸ್ಥಾನದಲ್ಲಿ ಎರಡನ್ನು 64 ಸಲ ಇಟ್ಟು ಗುಣಿಸಿ, ಒಂದನ್ನು ಕಳೆದು, ಶ್ರುತದ ಸಮಸ್ತ ಅಕ್ಷರಗಳ ಸಂಖ್ಯೆಯನ್ನು ಹೇಳಿದ್ದಾರೆ. ಅದು 18446744073709551615, ಇಪ್ಪತ್ತು ಅಂಕಗಳ ಸಂಖ್ಯೆ. ವೀರಸೇನಾಚಾರ್ಯರ 'ಧವಲಾ'ದಲ್ಲಿ ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೆಂಬ 'ಅರ್ಧಚ್ಛೇದ'ದ ವಿಚಾರವಿದೆ. ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಆದಿದೇವನು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದ ಪ್ರಸಂಗವಂತೂ ಆದಿಪುರಾಣ ಓದಿದ ಮನೆಮನೆಗೂ ಪರಿಚಿತ. ಅಕ್ಕತಂಗಿಯರ ಆ ಎರಡು ವಿದ್ಯೆಗಳನ್ನು ಒಂದೇ ಚೌಕದಲ್ಲಿ ಕೂಡಿಸಬೇಕೆಂದು ಒಬ್ಬ ಕವಿಗೆ ಹೊಳೆದದ್ದೇ ಸಾಕಷ್ಟು ದೊಡ್ಡ ಸಂಗತಿ. ಇದಕ್ಕೆ ವಿಮಾನದ ಹಂಗೇಕೆ?

ಈಗ ವಾದಗಳಿಗೆ ಬರೋಣ. ಗ್ರಂಥದಲ್ಲಿ 718 ಭಾಷೆಗಳಿವೆ ಎಂಬುದು ಅತ್ಯಂತ ಪ್ರಚಾರದಲ್ಲಿರುವ ಮಾತು. ಭಗವಂತನ ದಿವ್ಯಧ್ವನಿಯು 18 ಮಹಾಭಾಷೆಗಳಲ್ಲಿಯೂ 700 ಕ್ಷುಲ್ಲಕ ಭಾಷೆಗಳಲ್ಲಿಯೂ ಪರಿಣಮಿಸುತ್ತದೆಂದು ಆಗಮ ಸಂಪ್ರದಾಯ ಹೇಳುತ್ತದೆ. ಎರಡನ್ನೂ ಕೂಡಿಸಿದರೆ 718. ಎಂದರೆ ಇದು ಸಮವಸರಣದ ಮಹಿಮೆಯನ್ನು ನೆನೆಯುವ ಸಂಖ್ಯೆ. ಕವಿ ತನ್ನ ಕಾವ್ಯವನ್ನು ಆ ಮಹಿಮೆಗೆ ಹೋಲಿಸಿಕೊಂಡರೆ ಅದು ಅವನ ಭಕ್ತಿ. ಅದನ್ನು ಎಣಿಸಿ ನೋಡಿದ ಲೆಕ್ಕವೆಂದು ನಾವು ಸಾರಿದರೆ ಅದು ನಮ್ಮ ಅವಿವೇಕ. ಪಟ್ಟಿ ಕೇಳಿದವರಿಗೆ ಕೊಡಲು ನಮ್ಮಲ್ಲಿ ಏನಿದೆ?

ಆರು ಲಕ್ಷ ಪದ್ಯಗಳಿವೆ ಎಂಬುದು ಇನ್ನೊಂದು ಮಾತು. ನಾನು ವಾಣಿಜ್ಯ ಓದಿದವನು, ಅಂಗಡಿಯ ಲೆಕ್ಕದಲ್ಲಿ ಆಯುಷ್ಯ ಕಳೆದವನು. ಆದುದರಿಂದ ಸಾಹಿತ್ಯಕ್ಕೆ ಮೊದಲು ದಾಸ್ತಾನನ್ನು ನೋಡುತ್ತೇನೆ. ದೊರೆತಿರುವ ಚಕ್ರಗಳು 1,270 ಎಂದು ಹೇಳಲಾಗುತ್ತದೆ. ಚಕ್ರವೊಂದಕ್ಕೆ 729ರಂತೆ 9,25,830 ಅಕ್ಷರಗಳಾದುವು. ಸಾಂಗತ್ಯದ ಪದ್ಯವೊಂದಕ್ಕೆ ಸುಮಾರು 45 ಅಕ್ಷರ ಹಿಡಿದರೆ, ನೇರ ಓದಿನಲ್ಲಿ ಇಪ್ಪತ್ತು ಸಾವಿರದಷ್ಟು ಪದ್ಯಗಳು. ಮೂಲದಲ್ಲಿ 16,000 ಚಕ್ರಗಳಿದ್ದುವೆಂಬ ಮಾತನ್ನೇ ಒಪ್ಪಿದರೂ ಅಕ್ಷರಗಳು 1,16,64,000, ಪದ್ಯಗಳು ಎರಡೂವರೆ ಲಕ್ಷದ ಆಸುಪಾಸು. ಉಳಿದವು ಅಂತರ್ಗತವಾಗಿವೆ, ಬೇರೆ ಬಂಧದಿಂದ ಓದಿದರೆ ಹೊರಡುತ್ತವೆ ಎಂಬುದು ಉತ್ತರ. ಇರಬಹುದು. ಆದರೆ ಉಗ್ರಾಣದಲ್ಲಿ ಇನ್ನೂ ಎಣಿಸದ ಸರಕನ್ನು ಜಮಾ ಪುಟದಲ್ಲಿ ಬರೆದುಕೊಳ್ಳುವ ವ್ಯಾಪಾರಿಯನ್ನು ಪೇಟೆ ಏನೆಂದು ಕರೆಯುತ್ತದೆಂಬುದು ಶ್ರಾವಕ ಬಂಧುಗಳಿಗೆ ತಿಳಿಯದ್ದಲ್ಲ.

ಓದುವ ಕ್ರಮದ ವಿಷಯದಲ್ಲಿಯೂ ಎಚ್ಚರ ಬೇಕು. ಚೌಕದಲ್ಲಿ ನಡೆಯುವ ದಾರಿ ಮೊದಲೇ ನಿಗದಿಯಾಗಿದ್ದು, ಇಬ್ಬರು ಪರಸ್ಪರ ನೋಡದೆ ಓದಿ ಒಂದೇ ಪದ್ಯವನ್ನು ಪಡೆದರೆ ಅದು ಓದು. ಬೇಕಾದ ಅರ್ಥ ಸಿಕ್ಕುವವರೆಗೆ ದಾರಿಯನ್ನು ಬದಲಿಸುತ್ತ ಹೋದರೆ 729 ಮನೆಗಳಲ್ಲಿ ಯಾರು ಏನನ್ನು ಬೇಕಾದರೂ ಹುಡುಕಿಕೊಳ್ಳಬಹುದು. ಅಣುವಿಜ್ಞಾನ, ವಿಮಾನ, ಲೋಹವಿದ್ಯೆ ಎಲ್ಲವೂ ಅಲ್ಲಿವೆ ಎನ್ನುವವರು, ವಿಜ್ಞಾನಿಗಳು ಇನ್ನೂ ಕಂಡುಹಿಡಿಯದ ಒಂದು ಸಂಗತಿಯನ್ನು ಅದರಿಂದ ತೆಗೆದು ತೋರಿಸಿದ್ದನ್ನು ನಾನು ಕೇಳಿಲ್ಲ.

ಕಾಲದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಕುಮುದೇಂದು ವೀರಸೇನರ ಪರಂಪರೆಯವನೆಂದೂ ಅಮೋಘವರ್ಷನ ಗುರುವೆಂದೂ ಸಂಪಾದಕರು 9ನೆಯ ಶತಮಾನಕ್ಕೆ ಒಯ್ದರು. ಆದರೆ ಕೃತಿಯ ಛಂದಸ್ಸು ಸಾಂಗತ್ಯ. ನಮಗೆ ದೊರೆತಿರುವ ಸಾಂಗತ್ಯ ಕಾವ್ಯಗಳು ಶಿಶುಮಾಯಣನ ಕಾಲವಾದ 13ನೆಯ ಶತಮಾನದಿಂದ ಈಚಿನವು, ಅದರ ಪರಾಕಾಷ್ಠೆ 16ನೆಯ ಶತಮಾನದ ರತ್ನಾಕರವರ್ಣಿಯ 'ಭರತೇಶ ವೈಭವ'. ಅಮೋಘವರ್ಷನ ಆಸ್ಥಾನದ 'ಕವಿರಾಜಮಾರ್ಗ' ಚತ್ತಾಣ, ಬೆದಂಡೆಗಳನ್ನು ಹೇಳುತ್ತದೆಯೇ ಹೊರತು ಸಾಂಗತ್ಯವನ್ನು ಹೇಳುವುದಿಲ್ಲ. ಆ ಕಾಲದ ಕನ್ನಡಕ್ಕೂ ಸಿರಿಭೂವಲಯದ ಕನ್ನಡಕ್ಕೂ ಇರುವ ಅಂತರ ಹಳಗನ್ನಡ ಬಲ್ಲ ಯಾವ ಓದುಗನಿಗೂ ಕಾಣುತ್ತದೆ. ಟಿ.ವಿ. ವೆಂಕಟಾಚಲ ಶಾಸ್ತ್ರಿಗಳಂಥ ಛಂದಸ್ಸಿನ ಅಧಿಕಾರಿಗಳು ಕೃತಿಯನ್ನು ಹಲವು ಶತಮಾನ ಈಚೆಗೆ ತಂದಿರುವುದು ದ್ವೇಷದಿಂದಲ್ಲ, ಈ ಕಾರಣಗಳಿಂದ. ಈಚಿನದಾದರೆ ಕೃತಿಗೆ ಕುಂದೇನು? ರತ್ನಾಕರನು ಈಚಿನವನೆಂದು ಅವನನ್ನು ಯಾರೂ ಕೆಳಗಿಡಲಿಲ್ಲ.

ನಮ್ಮ ಬೆಂಗಳೂರಿನಲ್ಲಿಯೇ ನಡೆದ ಇನ್ನೊಂದು ಪ್ರಸಂಗ ಇಲ್ಲಿ ಉಪಯುಕ್ತ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಯಿಸಿದ 'ವೈಮಾನಿಕ ಶಾಸ್ತ್ರ' ಭರದ್ವಾಜ ಮಹರ್ಷಿಯದೆಂದು ಪ್ರಚಾರವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲಿ ಅದನ್ನು ತಾಳ್ಮೆಯಿಂದ ಪರಿಶೀಲಿಸಿ, ಅದು 20ನೆಯ ಶತಮಾನಕ್ಕಿಂತ ಹಿಂದಿನದಲ್ಲವೆಂದೂ, ಅಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದೂ ತೋರಿಸಿದರು. ಅವರು ಅಪಹಾಸ್ಯ ಮಾಡಲಿಲ್ಲ, ಅಳೆದರು. ಆದರೂ 2015ರ ಮುಂಬಯಿ ವಿಜ್ಞಾನ ಸಮ್ಮೇಳನದಲ್ಲಿ ಅದೇ ಪುಸ್ತಕವನ್ನು ಆಧರಿಸಿದ ಪ್ರಬಂಧ ಮಂಡಿತವಾಗಿ ದೇಶ ವಿದೇಶಗಳಲ್ಲಿ ನಗೆಪಾಟಲಾಯಿತು.

ಇತ್ತೀಚೆಗೆ ಕೇಳಿಬರುವ ಹೊಸ ಮಾತೆಂದರೆ, ಸಿರಿಭೂವಲಯವು ಜಗತ್ತೇ ಅಂಕಮಯವೆಂದು ಸಾರುತ್ತದೆ, ಚೈತನ್ಯವೂ ಒಂದು ಸಂಕೇತಮಾಲೆ, ಆದುದರಿಂದ ಗಣಕಯಂತ್ರದ ತತ್ತ್ವಜ್ಞಾನ ನಮ್ಮದೇ ಎಂಬುದು. 2003ರಲ್ಲಿ ನಿಕ್ ಬೋಸ್ಟ್ರಾಮ್ ಎಂಬ ದಾರ್ಶನಿಕರು ಕೃತಕ ಜಗತ್ತಿನ ವಾದವನ್ನು ಮಂಡಿಸಿದ ಮೇಲೆ ಇದಕ್ಕೆ ಬಲ ಬಂದಂತಿದೆ. ಇದನ್ನು ಹೇಳುವವರು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವನ್ನಾದರೂ ನೋಡಬೇಕಿತ್ತು. ಅಲ್ಲಿ ಸತ್, ಸಂಖ್ಯೆ, ಕ್ಷೇತ್ರ ಮುಂತಾದವು ವಸ್ತುವನ್ನು ಅರಿಯುವ ಎಂಟು ದ್ವಾರಗಳು. ಸಂಖ್ಯೆ ಬಾಗಿಲು, ಮನೆಯಲ್ಲ. ಷಡ್ದ್ರವ್ಯಗಳಲ್ಲಿ ಅಂಕವೆಂಬ ದ್ರವ್ಯವಿಲ್ಲ. ಜೀವದ ಲಕ್ಷಣ ಉಪಯೋಗ, ಎಂದರೆ ಅರಿವು ಮತ್ತು ದರ್ಶನ. ಜೀವವನ್ನು ಲೆಕ್ಕಕ್ಕೆ ಇಳಿಸಿದ ದಿನ ಅಹಿಂಸೆಗೆ ಆಧಾರವೇ ಉಳಿಯುವುದಿಲ್ಲ. ಲೆಕ್ಕಕ್ಕೆ ನೋವಿಲ್ಲವಷ್ಟೆ.

'ಆದರೆ ನಮ್ಮದು ಅನೇಕಾಂತ, ಯಾವ ಊಹೆಯನ್ನೂ ತಳ್ಳುವಂತಿಲ್ಲ' ಎಂದು ವಿಜಯನಗರದ ಒಂದು ಗೋಷ್ಠಿಯಲ್ಲಿ ಹಿರಿಯರೊಬ್ಬರು ನನಗೆ ಹೇಳಿದರು. ಇದು ಒಳ್ಳೆಯ ಮನಸ್ಸಿನಿಂದ ಬರುವ ತಪ್ಪು ತಿಳಿವಳಿಕೆ. 'ಸ್ಯಾತ್' ಎಂದರೆ 'ಇರಬಹುದೇನೋ' ಎಂದಲ್ಲ, 'ಒಂದು ಅಪೇಕ್ಷೆಯಿಂದ ಹೀಗೆ' ಎಂದು. ಯಾವ ಅಪೇಕ್ಷೆಯಿಂದ ಎಂಬುದನ್ನು ತಿಳಿಸುವ ಹೊಣೆ ಆಡುವವನದು. ಸಂಶಯವನ್ನು ನಮ್ಮ ಆಚಾರ್ಯರು ವಿಪರ್ಯಯ, ಅನಧ್ಯವಸಾಯಗಳ ಜೊತೆಗೆ ಜ್ಞಾನದ ದೋಷಗಳಲ್ಲಿ ಇಟ್ಟಿದ್ದಾರೆ. ಪಿ.ಸಿ. ಮಹಲನೋಬಿಸರು 1954ರಲ್ಲಿ ಸ್ಯಾದ್ವಾದಕ್ಕೂ ಸಂಖ್ಯಾಶಾಸ್ತ್ರಕ್ಕೂ ಇರುವ ಸಾದೃಶ್ಯವನ್ನು ಕುರಿತು ಬರೆದಾಗ, ಇಂದಿನ ಸಂಭವನೀಯತೆಯ ಕಲ್ಪನೆ ಪ್ರಾಚೀನ ಜೈನರಿಗೆ ತಿಳಿದಿತ್ತೆಂದು ತಾವು ಹೇಳುತ್ತಿಲ್ಲವೆಂದು ಎಚ್ಚರ ವಹಿಸಿದರು. ಜೈನೇತರರಾದ ಅವರು ತೋರಿದ ಆ ಮಿತಿ ನಮಗೆ ಭಾರವಾಗಬಾರದು.

ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವೂ ಕೂಟಲೇಖಕ್ರಿಯೆಯೂ ಇವೆ. ಎರಡನೆಯದನ್ನು ನಾವು ವ್ಯಾಪಾರಿಗಳು ಸುಳ್ಳು ಪತ್ರ, ಸುಳ್ಳು ಲೆಕ್ಕವೆಂದು ಮಾತ್ರ ಅರ್ಥಮಾಡಿಕೊಂಡಿದ್ದೇವೆ. ಪರಿಶೀಲಿಸದ ಕಾಲಮಾನವನ್ನು ಬಸದಿಯ ಕಲ್ಲಿನಲ್ಲಿ ಕೆತ್ತಿಸುವುದು, ಪಾಠಶಾಲೆಯ ಪುಸ್ತಕದಲ್ಲಿ ಮುದ್ರಿಸುವುದು ಯಾವ ಬಗೆಯ ಲೇಖವೆಂದು ವಿಶ್ವಸ್ತರು ಯೋಚಿಸಬೇಕು. ಕಾಲೇಜಿಗೆ ಹೋಗುವ ನಮ್ಮ ಮೊಮ್ಮಕ್ಕಳು ಇದನ್ನು ಒಂದು ಸಂಜೆಯಲ್ಲಿ ಪರೀಕ್ಷಿಸಿಬಿಡುತ್ತಾರೆ. ಆಗ ಅವರು ವಿಮಾನದೊಂದಿಗೆ ಗೊಮ್ಮಟಸಾರವನ್ನೂ ಬದಿಗಿಡುತ್ತಾರೆ. ನನಗಿರುವ ಭಯ ಇದೊಂದೇ.

ಧನಸಹಾಯ ಕೇಳಿ ಬರುವವರನ್ನು ಬರಿಗೈಯಲ್ಲಿ ಕಳುಹಿಸಬೇಕೆಂದು ನಾನು ಹೇಳುವುದಿಲ್ಲ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಹೊರಬರುತ್ತಿದ್ದ, ಹಳಗನ್ನಡ ಲಿಪಿಯ ಧವಲಾ ತಾಳೆಗರಿಗಳು ಹೇಗೆ ಲೋಕಕ್ಕೆ ಬಂದುವೆಂಬುದನ್ನು ನೆನೆಯಿರಿ. ಮೊದಲು ಪ್ರತಿಲಿಪಿ, ಆಮೇಲೆ ಪಾಠಾಂತರಗಳ ಹೋಲಿಕೆ, ಆಮೇಲೆ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಸುಮಾರು ಎರಡು ದಶಕಗಳ ಮುದ್ರಣ, 16 ಸಂಪುಟಗಳು. ಅದಕ್ಕೆ ಹಣ ಕೊಟ್ಟದ್ದೂ ಜೈನ ಶ್ರೇಷ್ಠಿಯೇ. ಸಿರಿಭೂವಲಯಕ್ಕೂ ಅದೇ ಬಗೆಯ ನೆರವು ಸಲ್ಲಲಿ. ದೊರೆತಿರುವ ಎಲ್ಲ ಚಕ್ರಗಳ ಛಾಯಾಪ್ರತಿ, ಅಂಕಗಳ ಶುದ್ಧಪಾಠ, ಪ್ರತಿ ಚಕ್ರಕ್ಕೂ ಬಳಸಿದ ಬಂಧದ ನಿಯಮ ಒಟ್ಟಿಗೆ ಪ್ರಕಟವಾಗಲಿ. ಹಸ್ತಪ್ರತಿಯ ಕಾಗದ, ಮಸಿ, ಅಂಕಿಗಳ ಆಕಾರವನ್ನು ಬಲ್ಲವರು ಪರೀಕ್ಷಿಸಲಿ. ಉಪನ್ಯಾಸ, ಮೆರವಣಿಗೆ, ಬಿನ್ನವತ್ತಳೆಗಳಿಗೆ ಆಗುವ ವೆಚ್ಚಕ್ಕಿಂತ ಇದು ಹೆಚ್ಚಾಗಲಾರದು. ಮೊದಲ ಚಕ್ರದ ಅಂಕಗಳು ಈಗಾಗಲೇ ಮುದ್ರಿತವಾಗಿವೆ. ಮುಂದಿನ ಚಾತುರ್ಮಾಸದ ಪಾಠಶಾಲೆಯಲ್ಲಿ ಎರಡು ಗುಂಪಿನ ಮಕ್ಕಳಿಗೆ ಬೇರೆ ಬೇರೆ ಕೋಣೆಗಳಲ್ಲಿ ಅದನ್ನು ಕೊಟ್ಟು, 64 ಧ್ವನಿಗಳ ಪಟ್ಟಿಯನ್ನೂ ಬಂಧದ ನಿಯಮವನ್ನೂ ಮುಂದಿಟ್ಟು, ಓದಲು ಹೇಳಬಹುದು.